ಪ್ಯಾಂಟ್ ನಂಬರ್ 4: ಸೊಂಟದ ಪಟ್ಟಿಯ ಸುಳ್ಳು ಸಾಕ್ಷಿ

ಕೊನೆಗೂ ಕಳ್ಳ ಸಿಕ್ಕಿಬಿದ್ದ. ಮೂರು ಪ್ಯಾಂಟು, ಎರಡು ಟ್ರಯಲ್ ತುಂಡು, ಲೆಕ್ಕವಿಲ್ಲದಷ್ಟು ಸಲ ಹೊಲಿಗೆ ಬಿಚ್ಚಿದ ಮೇಲೆ ಗೊತ್ತಾಯಿತು: ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಇಡುವ ಕಾಗದದ ಅಚ್ಚು) ಸರಿ ಇತ್ತು, ಹೊಲಿಗೆಯೂ ಸರಿ ಇತ್ತು. ಅಳತೆ ಕೊಟ್ಟವರು ಸುಳ್ಳು ಹೇಳಿದ್ದರು. ಅಳತೆ ಕೊಟ್ಟದ್ದು ನಾನೇ.

ಕತ್ತರಿಸುವುದು, ಡಾರ್ಟ್ (ಮೈಗೆ ಹೊಂದಲು ಬಟ್ಟೆಯಲ್ಲಿ ಹೊಲಿಯುವ ಚೂಪು ಮಡಿಕೆ), ಜಿಪ್ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. (ಏಳಿಂಚಿನ ಜಿಪ್ ಕೇಳಿದರೆ ಆರಿಂಚಿನದು ಕಳಿಸಿ, "ಹೆಚ್ಚುಕಮ್ಮಿ ಅದೇ" ಎಂದ ಪುಣ್ಯಾತ್ಮರಿಗೆ ಒಂದು ನಮಸ್ಕಾರ.) ಕಾಟವೆಲ್ಲ ಮುಂಭಾಗದಲ್ಲಿ. ನಿಂತಾಗ ಗೊಂಬೆಗೆ ಹಾಕಿದಂತೆ ಚಂದ. ಕೂತರೆ ಹೊಕ್ಕುಳ ಕೆಳಗಿಂದ ಎರಡೂ ಪಕ್ಕಕ್ಕೆ ಬೆಕ್ಕಿನ ಮೀಸೆಯಂಥ ಎಳೆತದ ಗೆರೆಗಳು, ಸಂಜೆ ಬಿಚ್ಚಿದಾಗ ಚರ್ಮದ ಮೇಲೆ ಬಟನ್ನಿನ ಅಚ್ಚು. ಕ್ರಾಚ್ (ಎರಡು ಕಾಲು ಸೇರುವ ಜಾಗ) ತಿರುವನ್ನು ಇನ್ನಷ್ಟು ಕತ್ತರಿಸಿದೆ. ಡಾರ್ಟ್ ಸರಿಸಿದೆ. ಏನೂ ಆಗಲಿಲ್ಲ.

ಮೊನ್ನೆ ಊಟ ಮುಗಿಸಿ, ಕೂತುಕೊಂಡೇ, ಹೊಟ್ಟೆ ಸಡಿಲ ಬಿಟ್ಟು ಟೇಪ್ ಸುತ್ತಿದೆ. ಅಂಕಿ ಬರೆಯುವುದಿಲ್ಲ, ಅಂಕಿ ಕಂಡರೆ ನಿಮ್ಮಲ್ಲಿ ಕೆಲವರಿಗೆ ಏನಾಗುತ್ತದೆಂದು ನನಗೆ ಗೊತ್ತು. ವ್ಯತ್ಯಾಸ ಮಾತ್ರ ಹೇಳುತ್ತೇನೆ: ಎರಡೂವರೆ ಇಂಚು. ಇಷ್ಟು ವರ್ಷ ನಾನು ಅಳೆಯುತ್ತಿದ್ದದ್ದು ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ, ಉಸಿರು ಬಿಗಿಹಿಡಿದು. ಅದರ ಮೇಲೂ "ಮುಂದಿನ ತಿಂಗಳಿಗೆ ಸಣ್ಣಗಾಗುತ್ತೇನಲ್ಲ" ಅಂತ ಇನ್ನೊಂದಿಂಚು ಕಳೆಯುತ್ತಿದ್ದೆ. ಮುಂದೆ ಬರಲಿರುವ ಗಿರಾಕಿಗೆ ಬಟ್ಟೆ ಕತ್ತರಿಸಿ ಕಾದು ಕೂತಿದ್ದೆ, ಗಿರಾಕಿ ಬರಲೇ ಇಲ್ಲ.

ಪರಿಹಾರ: ಪ್ಯಾಟರ್ನಿನ ಮುಂಭಾಗವನ್ನು ಅಡ್ಡಕ್ಕೆ ಸೀಳಿ, ನಡುವಿನಲ್ಲಿ ಮುಕ್ಕಾಲಿಂಚು ತೆರೆದು, ಪಕ್ಕದ ಹೊಲಿಗೆಯಲ್ಲಿ ಸೊನ್ನೆಗೆ ತಂದೆ. ಮುಂದಿನ ಡಾರ್ಟ್ ರದ್ದು. ಹಿಂದಿನ ಪಟ್ಟಿಯಲ್ಲಿ ಎಲಾಸ್ಟಿಕ್. ಮೀಸೆ ಮಾಯ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಇದರಿಂದ ಇನ್ನೊಂದು ಗಂಟೂ ಬಿಚ್ಚಿತು. ಆರು ತಿಂಗಳಿಂದ ಡಯಟ್ ಬಿಟ್ಟು, ಹಸಿವಾದಾಗ ತಿನ್ನುವುದು, ತುಂಬಿದಾಗ ನಿಲ್ಲಿಸುವುದನ್ನು ಕಲಿಯುತ್ತಿದ್ದೇನೆ. ಎವೆಲಿನ್ ಟ್ರಿಬೋಲಿ, ಎಲೀಸ್ ರೆಶ್ ಎಂಬ ಇಬ್ಬರು ಆಹಾರತಜ್ಞೆಯರು 1995ರಲ್ಲಿ ಹತ್ತು ಸೂತ್ರ ಮಾಡಿ ಕೊಟ್ಟ ಪದ್ಧತಿ ಅದು. ಹಸಿವಿನ ಭಾಗ ಸುಲಭವಾಗಿ ಕೈಗೆ ಬಂತು. ತುಂಬಿದ್ದು ಮಾತ್ರ ಗೊತ್ತೇ ಆಗುತ್ತಿರಲಿಲ್ಲ. ಈಗ ತಿಳಿಯಿತು: ನಾನು ಹೊಟ್ಟೆಯನ್ನು ಕೇಳಿಯೇ ಇರಲಿಲ್ಲ, ಬಟನ್ನನ್ನು ಕೇಳುತ್ತಿದ್ದೆ. ಪಟ್ಟಿ ಕಚ್ಚಿದರೆ ಊಟ ಸಾಕು ಎಂದು ಅರ್ಥ, ಜೊತೆಗೆ ಉಚಿತವಾಗಿ ಒಂದು ಬೈಗುಳ.

ಎಲಾಸ್ಟಿಕ್ ಪ್ಯಾಂಟ್ ಹಾಕಿದ ಮೊದಲ ದಿನ ಏನಾಯಿತೆಂದು ಕೇಳಬೇಡಿ. ಕೇಳಿದಿರಿ ಅಂತಿಟ್ಟುಕೊಳ್ಳಿ: ಹೊಟ್ಟೆ ಬಿರಿಯುವಷ್ಟು ತಿಂದೆ. ಕಾವಲುಗಾರ ರಜೆ ಹಾಕಿದ್ದನಲ್ಲ. ಹಳೆಯ ನಾನಾಗಿದ್ದರೆ ಮರುದಿನ ಉಪವಾಸ, ಬಿಗಿ ಪ್ಯಾಂಟು. ಈ ಸಲ ನೆನಪಿಗೆ ಬಂದದ್ದು ಅಮೆರಿಕದ ಮಿನೆಸೋಟದ ಪ್ರಯೋಗ. 1945ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟರು. ಅದು ಮುಗಿದು ಬೇಕಾದಷ್ಟು ತಿನ್ನಲು ಬಿಟ್ಟಾಗ, ಹೊಟ್ಟೆ ತುಂಬಿ ತುಳುಕುತ್ತಿದ್ದರೂ ಕೆಲವರಿಗೆ ಹಸಿವು ಇಂಗಲಿಲ್ಲ. ಅವರಿಗೆ ಇಲ್ಲದ ಸಂಯಮವನ್ನು ನಾನೆಲ್ಲಿಂದ ತರಲಿ? ಮರುದಿನ ಬೆಳಗ್ಗೆ ಹಸಿವಾಯಿತು, ತಿಂಡಿ ತಿಂದೆ.

ರೆಡಿಮೇಡ್ ಸೈಜ್ ಚಾರ್ಟನ್ನು ನಂಬಿದ್ದೂ ನನ್ನ ತಪ್ಪೇ. ಅಮೆರಿಕದಲ್ಲಿ 1939–40ರಲ್ಲಿ ಸುಮಾರು 15,000 ಹೆಂಗಸರ ಅಳತೆ ತೆಗೆದರು, ಲೆಕ್ಕಕ್ಕೆ ಹಿಡಿದದ್ದು ಬಿಳಿಯರ ಅಳತೆ ಮಾತ್ರ. ಮುಂದೆ ಅಲ್ಲಿನ ಸೈಜಿನ ಮಾನದಂಡ ಬೆಳೆದದ್ದು ಅದರ ಮೇಲೆ. ಅಂಥ ಚಾರ್ಟಿನಲ್ಲಿ ನನ್ನ ಹೊಟ್ಟೆ ಸಿಗಲಿಲ್ಲವೆಂದು ಇಷ್ಟು ವರ್ಷ ಹೊಟ್ಟೆಯನ್ನೇ ಶಪಿಸಿದೆ.

ಅಂದಹಾಗೆ, ಮುಂದಿನದು ಕೋಟು! ಒಳಪದರಕ್ಕೆ ಕಡುನೀಲಿ ಕೇಳಿದ್ದೆ, ಬಂದದ್ದು ನೇರಳೆ. ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಇರಲಿ, ಒಳಗೆ ತಾನೆ. ತೋಳಿನ ಸುತ್ತಳತೆಯನ್ನು ತೋಳು ಮಡಚಿಯೇ ತೆಗೆದಿದ್ದೇನೆ.

ನಿನ್ನೆ ರಾತ್ರಿಯ ವರದಿ: ತಟ್ಟೆಯಲ್ಲಿ ಇನ್ನೆರಡು ತುತ್ತು ಇತ್ತು. ಬೇಕೋ ಬೇಡವೋ ತಿಳಿಯದೆ ಕೈ ತಾನಾಗಿ ಸೊಂಟಕ್ಕೆ ಹೋಗಿ ಬಟನ್ ಹುಡುಕಿತು. ಸಿಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ಒಂದು ತುತ್ತು ತಿಂದೆ, ಒಂದು ಬಿಟ್ಟೆ.