ಗುಳ್ಳದ ಎಲೆ ತುದಿ ಸುಟ್ಟದ್ದು ಯಾಕೆ?

ಉಡುಪಿಯ ನಮ್ಮ ತಾರಸಿಯಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಚೀಲದಲ್ಲಿ ನೆಟ್ಟ ಮಟ್ಟುಗುಳ್ಳದ, ಅಂದರೆ ನಮ್ಮ ಕಡೆಯ ಬದನೆಯ, ಎಲೆ ತುದಿ ಕಂದಾಗಿ, ಹಪ್ಪಳದ ಹಾಗೆ ಗರಿಗರಿ ಆಗಿತ್ತು. "ಗೊಬ್ಬರ ಸಾಲದು ಮಾರಾಯ" ಅಂದರು ಅಮ್ಮ. ನಾನೂ ನಂಬಿ ಇನ್ನೊಂದು ಚಮಚ ಸುರಿದೆ. ಇನ್ನೂ ಸುಟ್ಟಿತು.

ಕೊನೆಗೆ ಚೀಲದ ಅಡಿಯಿಂದ ಸೋರಿದ ನೀರನ್ನು ಲೋಟದಲ್ಲಿ ಹಿಡಿದು, ನೀರಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ತೋರಿಸುವ ಇಸಿ ಪೆನ್ ಅದ್ದಿದೆ. ನಾನು ಹಾಕಿದ ಗೊಬ್ಬರದ ನೀರು 2.0, ಹೊರಗೆ ಬಂದದ್ದು 3.8! ಗೊಬ್ಬರದ ಉಪ್ಪೆಲ್ಲ ಬೇರಿನ ಹತ್ತಿರವೇ ಕೂತಿತ್ತು. ಬರೀ ಬಾವಿ ನೀರು ಧಾರಾಳ ಸುರಿದು ತೊಳೆದೆ.

ಅದೇ ಉಪ್ಪನ್ನು ಪಿಪಿಎಂನಲ್ಲಿ (ಹತ್ತು ಲಕ್ಷ ಪಾಲಿಗೆ ಎಷ್ಟು ಪಾಲು) ತೋರಿಸುವ ಲೆಕ್ಕ ನಂಬಿ ಮೋಸ ಹೋಗಬೇಡಿ. ಅದೇ 2.0 ಇಸಿಯನ್ನು ಒಂದು ಮೀಟರ್ 1000 ಅನ್ನುತ್ತದೆ, ಇನ್ನೊಂದು 1400. ಒಂದು 500ರಿಂದ ಗುಣಿಸುತ್ತದೆ, ಇನ್ನೊಂದು 700ರಿಂದ, ಅಷ್ಟೇ. ಗೆಳೆಯನ ಜೊತೆ ಇದಕ್ಕೇ ಸುಮ್ನೆ ಅರ್ಧ ಗಂಟೆ ಜಗಳ ಆಡಿದ್ದೆ.

ನೀರಿನ ಹುಳಿ ಅಳೆಯುವ ಪಿಎಚ್ ಪೆನ್ನಿನದ್ದು ಬೇರೆ ರಗಳೆ. ತುದಿ ಒಣಗಿದರೆ ಸುಳ್ಳು ಹೇಳುತ್ತದೆ. ಪಿಎಚ್ ಮೊದಲೇ ಗೊತ್ತಿರುವ 4.0 ಮತ್ತು 6.86ರ ಬಫರ್ ಪುಡಿ ಕರಗಿಸಿ, ಅದರಲ್ಲಿ ಅದ್ದಿ ಪೆನ್ ಸರಿ ಮಾಡಿಕೊಂಡೆ. ನಮ್ಮ ಮುರಕಲ್ಲಿನ ಬಾವಿಯ ನೀರು ಮೊದಲೇ ಹುಳಿ, 5.9. ಗೊಬ್ಬರ ಬಿದ್ದ ಮೇಲೆ 5.4. ಗುಳ್ಳಕ್ಕೆ 5.8ರಿಂದ 6.3 ಇದ್ದರೆ ಸಾಕಲ್ವಾ? ಪಿಎಚ್ ಏರಿಸುವ ದ್ರಾವಣ ನಾಲ್ಕು ಹನಿ ಬಿಟ್ಟೆ.

ಸುಟ್ಟ ಎಲೆ ಹಾಗೇ ಇದೆ. ಹೊಸ ಚಿಗುರು ಮಾತ್ರ ಹಸಿರಾಗಿ ಬಂದಿದೆ.