ಗಣೇಶಗುಡಿಯಲ್ಲಿ ಹಕ್ಕಿಗಳ ಸ್ನಾನದ ಹೊತ್ತು

ಹಕ್ಕಿ ನೋಡೋಕೆ ದಾಂಡೇಲಿ ಹತ್ತಿರದ ಗಣೇಶಗುಡಿಗೆ ಹೋಗ್ತೇನೆ ಅಂದರೆ ನಮ್ಮ ಶಿರಸಿ ಕಡೆ ಜನ ನಗುತ್ತಾರೆ. "ತೋಟಕ್ಕೇ ಮಂಗಟ್ಟೆ ಬತ್ತು ತಮಾ, ದುಡ್ಡು ಕೊಟ್ಟು ನೋಡದು ಎಂತಕ್ಕೆ?" ಅಂತ ಅತ್ತೆ ಕೇಳಿಯೇ ಬಿಟ್ಟರು. ಮಾತು ಸುಳ್ಳಲ್ಲ, ಮಂಗಟ್ಟೆ (ಹಾರ್ನ್‌ಬಿಲ್) ತೋಟಕ್ಕೇ ಬರುತ್ತದೆ. ಆದರೆ ತೋಟದಲ್ಲಿ ಹಕ್ಕಿ ಕಾಣೋದು ಎತ್ತರದ ಮರದ ತುದಿಯಲ್ಲಿ, ಅದೂ ಅರ್ಧ ಬಾಲ ಮಾತ್ರ. ಗಣೇಶಗುಡಿಯ ಓಲ್ಡ್ ಮ್ಯಾಗಝಿನ್ ಹೌಸ್‌ನಲ್ಲಿ ಅವು ನಿಮ್ಮೆದುರೇ ಬಂದು ಮೀಯುತ್ತವೆ.

ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗ ಅದು. ಈಗ ಸರ್ಕಾರದ ಜಂಗಲ್ ಲಾಡ್ಜಸ್‌ನವರು ಅದನ್ನು ತಂಗುದಾಣವಾಗಿ ನಡೆಸುತ್ತಾರೆ. ಐಷಾರಾಮ ಹುಡುಕುವವರು ಬೇರೆ ಕಡೆ ಹೋಗಲಿ. ಇಲ್ಲಿರೋದು ಮರಗಳ ಕೆಳಗೆ ತುಂಬಿಸಿಟ್ಟ ನೀರಿನ ತೊಟ್ಟಿಗಳು, ಅಷ್ಟೇ.

ಅಲ್ಲಿ ಉಳಿದವರು ಮಾಡಬೇಕಾದ್ದು ಒಂದೇ: ಮಧ್ಯಾಹ್ನ ಊಟ ಮುಗಿಸಿ ಮಲಗಬೇಡಿ, ಬಂದು ಕೂತುಬಿಡಿ. ಬಿಸಿಲು ಇಳಿಯುತ್ತಿದ್ದ ಹಾಗೆ ಮೊದಲು ಪಿಕಳಾರಗಳು (ಬುಲ್‌ಬುಲ್) ಬರುತ್ತವೆ. ಅದರಲ್ಲೂ ಕರೀ ತಲೆ, ಹಳದಿ ಹೊಟ್ಟೆ, ಗಂಟಲಲ್ಲಿ ಮಾತ್ರ ಕೆಂಡದ ಹಾಗೆ ಕೆಂಪು ಇರುವ ಜಾತಿ, ಅದೇ ಪಕ್ಕದ ಗೋವಾದ ರಾಜ್ಯಪಕ್ಷಿ, ನೀರಿಗೆ ಬಿದ್ದರೆ ಮೇಲೇಳೋದೇ ಇಲ್ಲ. ಎದೆ ಮುಳುಗಿಸುತ್ತದೆ, ರೆಕ್ಕೆ ಬಡಿಯುತ್ತದೆ, ಕೊಂಬೆಗೆ ಹಾರಿ ಒಂದೊಂದೇ ಗರಿಯನ್ನು ಕೊಕ್ಕಿನಲ್ಲಿ ಎಳೆದು ನೀವಿಕೊಳ್ಳುತ್ತದೆ, ಮತ್ತೆ ನೀರಿಗೆ. ಚಳಿಗಾಲವಾದರೆ ಹಿಮಾಲಯದಿಂದ ಇಳಿದು ಬಂದ ನೀಲಿ ರಾಬಿನ್ ಕೂಡ ಬರಬಹುದು. ಅದಕ್ಕೆ ನಾಚಿಕೆ ಜಾಸ್ತಿ, ಕತ್ತಲಾಗುವ ಹೊತ್ತಿಗೆ ಬಂದು ಬಾಲ ನಡುಗಿಸಿ ಹೋಗುತ್ತದೆ.

ಈ ಸಲ ಪಕ್ಕದಲ್ಲಿ ಕೂತವರೊಬ್ಬರು ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯೋಕೆ ಶುರು ಮಾಡಿದರು. ನನಗೆ ತಡೆಯಲಾಗಲಿಲ್ಲ, ಬಂದ್ ಮಾಡಿ ಅಂದೆ. ಆ ಕೂಗು ಕೇಳಿದ ಗಂಡು ಹಕ್ಕಿ, ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂತ ಮೇವು, ಮರಿ ಎಲ್ಲ ಬಿಟ್ಟು ಜಗಳಕ್ಕೆ ಬರುತ್ತದೆ. ಒಂದು ಫೋಟೋಗೋಸ್ಕರ ಇದೆಲ್ಲ ಬೇಕಾ? ನೀರು ಇದೆ, ಹೇಗೂ ಬರ್ತದೆ ಅಲ್ವಾ!

ಬೆಳಿಗ್ಗೆ ಗೈಡ್ ಜೊತೆ ನಡೆಯೋಕೆ ಹೋದಾಗ ಶ್ರೀಲಂಕಾ ಫ್ರಾಗ್‌ಮೌತ್ ನೋಡಿದೆ, ಕಪ್ಪೆಯ ಹಾಗೆ ಅಗಲ ಬಾಯಿಯ ಇರುಳು ಹಕ್ಕಿ. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಸಿಗದ ಹಕ್ಕಿ. ಗೈಡ್ ಬೆರಳು ತೋರಿಸಿದರೂ ನನಗೆ ಕಾಣಲಿಲ್ಲ. ಒಣಗಿದ ಎರಡು ತರಗೆಲೆ, ಅಷ್ಟೇ. ಆಮೇಲೆ ಒಂದು ತರಗೆಲೆ ಕಣ್ಣು ಬಿಟ್ಟಿತು. ಬೂದು ಬಣ್ಣದ್ದು ಗಂಡು, ಅದಕ್ಕೆ ಒತ್ತಿ ಕೂತ ಕೆಂಚು ಬಣ್ಣದ್ದು ಹೆಣ್ಣು. ರಾತ್ರಿಯಿಡೀ ಹುಳ ಹಿಡಿದು ಹಗಲು ಹೀಗೇ ಕೂರುತ್ತವೆ. ಒಂದು ಸಲಕ್ಕೆ ಇಡೋದು ಒಂದೇ ಮೊಟ್ಟೆ. ಹಗಲು ಕಾವು ಕೂರುವ ಪಾಳಿ ಗಂಡಿನದು.

ಮಂಗಟ್ಟೆ ವಿಷಯ ಹೇಳದಿದ್ದರೆ ಅತ್ತೆಗೆ ಬೇಜಾರಾಗಬಹುದು. ದಾಂಡೇಲಿ ಸುತ್ತ ನಾಲ್ಕು ಜಾತಿಯವೂ ಇವೆ. ಫೆಬ್ರುವರಿ, ಮಾರ್ಚಿನಲ್ಲಿ ಹೆಣ್ಣು ಮರದ ಪೊಟರೆ ಹೊಕ್ಕು, ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿ, ಒಂದು ಸೀಳು ಮಾತ್ರ ಬಿಟ್ಟುಕೊಳ್ಳುತ್ತದೆ. ಗಂಡು ಗಂಟಲಿನಲ್ಲಿ ತುಂಬಿಕೊಂಡು ಬಂದ ಅತ್ತಿ, ಗೋಳಿ ಹಣ್ಣನ್ನು ಒಂದೊಂದಾಗಿ ಕಕ್ಕಿ ಆ ಸೀಳಿನಲ್ಲಿ ತೂರಿಸುತ್ತದೆ. ಗಂಡಿಗೇನಾದರೂ ಆದರೆ ಒಳಗಿನವಕ್ಕೂ ಗತಿ ಇಲ್ಲ. ಹಾಗಾಗಿ ಗೂಡಿನ ಮರದ ಹತ್ತಿರ ಹೋಗಲೇಬೇಡಿ. ಸಂಜೆ ದಾಂಡೇಲಿ ಟಿಂಬರ್ ಡಿಪೋ ಕಡೆ ನಿಂತರೂ ಮಂಗಟ್ಟೆ ಸಿಗುತ್ತವೆ.

ಮಳೆಗಾಲದಲ್ಲಿ ತೊಟ್ಟಿ ಹತ್ತಿರ ಕೂತು ಲಾಭವಿಲ್ಲ, ಕಾಡೆಲ್ಲ ನೀರೇ. ಆಗ ಹೋಗುವವರು ಹೋಗೋದು ಗುಬ್ಬಿಗಿಂತಲೂ ಚಿಕ್ಕದಾದ ಬಣ್ಣದ ಮಿಂಚುಳ್ಳಿಗೆ. ಉಂಬಳಗಳು (ಜಿಗಣೆ) ಮಾತ್ರ ಬಿಡೋದಿಲ್ಲ. ಅದಕ್ಕೆ ಸುಣ್ಣ, ಹೊಗೆಸೊಪ್ಪು ಸಾಕು. ಕವಳದ ಸಂಚಿ ಇಟ್ಟುಕೊಂಡವರು ಬೇರೆ ತಯಾರಿ ಮಾಡಬೇಕಾಗಿಲ್ಲ.