ಸಾಫ್ಟ್ ರಿಪೇರಿನಾ, ಹಾರ್ಡ್ ರಿಪೇರಿನಾ?

ಹೋದ ಶನಿವಾರ ಹಾಸನದ ಬಿ.ಎಂ. ರಸ್ತೆಯಲ್ಲಿರುವ ಗೆಳೆಯನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋಗಿ ನನ್ನ ಲ್ಯಾಪ್‌ಟಾಪ್ ತೆರೆದು ಅವನ ಮುಂದಿಟ್ಟೆ. "ನಾನೇನೂ ಹೇಳಲ್ಲ, ಒಂದು ರ‍್ಯಾಮ್ ಕೆಟ್ಟಿದೆ ಅಂದ್ಕೋ, ನಿನಗೆ ಅನ್ಸಿದ್ದು ಒತ್ತು" ಅಂದೆ. ಕೆಟ್ಟ ಮೆಮೊರಿಯನ್ನು ರಿಪೇರಿ ಮಾಡಲು ನಾನು ರೂಪಿಸುತ್ತಿದ್ದ ಸ್ಕ್ರೀನ್ ಅದು. ಅದರ ಮೇಲೆ ಎರಡೇ ಬಟನ್, ಸಾಫ್ಟ್ ರಿಪೇರಿ, ಹಾರ್ಡ್ ರಿಪೇರಿ. ಅವನು ಸ್ಕ್ರೂಡ್ರೈವರ್ ಕೂಡ ಕೆಳಗಿಡಲಿಲ್ಲ, ಎಡಗೈಯಲ್ಲೇ ಹಾರ್ಡ್ ಒತ್ತಿದ.

"ಯಾಕೋ ಅದನ್ನೇ ಒತ್ತಿದೆ?"

"ಸಾಫ್ಟ್ ಅಂದ್ರೆ ಸಾಫ್ಟ್‌ವೇರ್, ಹಾರ್ಡ್ ಅಂದ್ರೆ ಹಾರ್ಡ್‌ವೇರ್. ರ‍್ಯಾಮ್ ಹಾರ್ಡ್‌ವೇರ್ ಅಲ್ವಾ ಗುರು?"

ಹದಿನೈದು ವರ್ಷದಿಂದ ರ‍್ಯಾಮ್ ಕಿತ್ತು ಹಾಕಿರುವ ಕೈ ಅದು. ಅವನೇ ಹೀಗೆ ಓದಿದ ಅಂದರೆ ತಪ್ಪು ನನ್ನದೇ. ಪುಣ್ಯಕ್ಕೆ ಅದು ಸುಮ್ನೆ ಬರೆದಿಟ್ಟ ಮಾದರಿ, ಹಿಂದೆ ಯಾವ ಮೆಮೊರಿಯೂ ಇರಲಿಲ್ಲ.

ನಾನು ಮನೆಯಲ್ಲೇ ಕೂತು ಸರ್ವರ್‌ಗಳ ಕೆಲಸ ಮಾಡುವವನು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು ಕರ್ನಲ್ ಅನ್ನುತ್ತಾರೆ. 2025ರಲ್ಲಿ ಬಂದ ಲಿನಕ್ಸ್ 6.15 ಕರ್ನಲ್‌ನಲ್ಲಿ ಮೆಮೊರಿ ರಿಪೇರಿಗೆ ಅಂತಲೇ ಒಂದು ಇಂಟರ್‌ಫೇಸ್ ಸೇರಿಸಿದ್ದಾರೆ. ಮೆಮೊರಿ ದೋಷಗಳನ್ನು ಕಂಡುಹಿಡಿದು ತಿಳಿಸುವ ಎಡಾಕ್ ಅನ್ನುವ ಭಾಗದ ಕೆಳಗೆ ಬರುತ್ತದೆ. ಕೆಟ್ಟ ಜಾಗ ಮೆಮೊರಿಯಲ್ಲಿ ಎಲ್ಲಿದೆ ಅಂತ ಹೇಳುವ ಬ್ಯಾಂಕ್, ರ‍್ಯಾಂಕ್, ರೋ, ಕಾಲಮ್ ಅಂತ ಒಂದೊಂದಕ್ಕೂ ಒಂದೊಂದು ಫೈಲ್. ಅವುಗಳಲ್ಲಿ ನಂಬರ್ ಬರೆದು, ಕೊನೆಗೆ ರಿಪೇರಿ ಅನ್ನುವ ಫೈಲ್‌ಗೆ 1 ಅಂತ ಬರೆದರೆ ಕೆಲಸ ಶುರು. ಪರ್ಸಿಸ್ಟ್ ಮೋಡ್ ಅಂತ ಇನ್ನೊಂದು ಫೈಲ್ ಇದೆ, ಅದರಲ್ಲಿ 0 ಇದ್ದರೆ ಸಾಫ್ಟ್, 1 ಇದ್ದರೆ ಹಾರ್ಡ್. ಪ್ರೋಗ್ರಾಂ ಓದುವುದಕ್ಕೆ ಇದು ಚೆನ್ನಾಗಿಯೇ ಇದೆ. ನಾನು ಮಾಡಿದ ಎಡವಟ್ಟು ಏನಂದರೆ, ಆ ಫೈಲ್‌ಗಳನ್ನೇ ಒಂದೊಂದಾಗಿ ಡಬ್ಬಿ ಮಾಡಿ ಸ್ಕ್ರೀನ್ ಮೇಲೆ ಅಂಟಿಸಿ, ಇದೇ ಯೂಸರ್ ಇಂಟರ್‌ಫೇಸ್ ಅಂದುಕೊಂಡಿದ್ದು.

ಗೆಳೆಯನಿಗೆ ಸ್ಟೆಪ್ನಿ ಲೆಕ್ಕದಲ್ಲಿ ಹೇಳಿದೆ. ಮೆಮೊರಿ ಚಿಪ್ ಒಳಗೆ ಒಂದಷ್ಟು ಬಿಡಿ ಸಾಲುಗಳನ್ನು ಮೊದಲೇ ಇಟ್ಟಿರುತ್ತಾರೆ. ಒಂದು ಸಾಲು ಕೆಟ್ಟರೆ ಅದರ ಜಾಗಕ್ಕೆ ಬಿಡಿ ಸಾಲನ್ನು ಜೋಡಿಸುವುದೇ ಈ ರಿಪೇರಿ. ಕೆಟ್ಟ ಸಾಲು ಸರಿಯಾಗುವುದಿಲ್ಲ, ಆ ಕಡೆ ಹೋಗುವುದನ್ನು ನಿಲ್ಲಿಸುತ್ತೇವೆ ಅಷ್ಟೇ. ಸಾಫ್ಟ್ ಅಂದರೆ ಮಷಿನ್ ಆಫ್ ಆಗುವವರೆಗೆ ಮಾತ್ರ ಈ ಜೋಡಣೆ ಇರುತ್ತದೆ. ಹಾರ್ಡ್ ಅಂದರೆ ಚಿಪ್ ಒಳಗಿನ ಫ್ಯೂಸನ್ನೇ ಸುಟ್ಟು ಶಾಶ್ವತ ಮಾಡುವುದು, ಆಮೇಲೆ ಅಯ್ಯೋ ಅಂದರೂ ವಾಪಸ್ ಇಲ್ಲ. ಈ ಬಿಡಿ ಸಾಲುಗಳು ಜಾಸ್ತಿಯೂ ಇರುವುದಿಲ್ಲ. ಡಿಡಿಆರ್4 ಅನ್ನುವ ಬಗೆಯ ಮೆಮೊರಿಯ ಲೆಕ್ಕದಲ್ಲಿ ಒಂದು ಬ್ಯಾಂಕ್ ಗ್ರೂಪ್‌ಗೆ, ಅಂದರೆ ಚಿಪ್‌ನ ಒಂದು ವಿಭಾಗಕ್ಕೆ, ಖಚಿತವಾಗಿ ಸಿಗುವುದು ಒಂದೇ.

"ಅಂದ್ರೆ ಇರೋ ಒಂದು ಸ್ಟೆಪ್ನೀನ ಸಕಲೇಶಪುರದಲ್ಲೇ ಹಾಕ್ಕೊಂಡು ಶಿರಾಡಿ ಘಾಟಿ ಇಳಿಯೋದು" ಅಂದ. ಇಷ್ಟು ಚೆನ್ನಾಗಿ ನನಗೆ ಹೇಳಲು ಬಂದಿದ್ದರೆ ಬಟನ್ ಮೇಲೆ ಹಾರ್ಡ್ ಅಂತ ಬರೆಯುತ್ತಲೇ ಇರಲಿಲ್ಲ.

ಆ ರಾತ್ರಿಯೇ ಬದಲಾಯಿಸಿದೆ. ಮೊದಲ ಬಟನ್ ಮೇಲೆ ಈಗ "ಮಷಿನ್ ಆಫ್ ಆಗೋವರೆಗೆ" ಅಂತಿದೆ. ಎರಡನೆಯದರ ಮೇಲೆ "ಶಾಶ್ವತವಾಗಿ, ವಾಪಸ್ ಇಲ್ಲ". ಎರಡನ್ನೂ ಅಕ್ಕಪಕ್ಕ ಇಟ್ಟಿಲ್ಲ. ಶಾಶ್ವತದ್ದು ಕೆಳಗಿದೆ, ಅದನ್ನು ಒತ್ತಿದರೆ ಯಾವ ಸ್ಲಾಟ್‌ನ ರ‍್ಯಾಮ್, ಯಾವ ಸಾಲು ಅಂತ ಪೂರ್ತಿ ವಾಕ್ಯದಲ್ಲಿ ತೋರಿಸಿ ಇನ್ನೊಮ್ಮೆ ಕೇಳುತ್ತದೆ. "ಖಚಿತವೇ? ಹೌದು, ಇಲ್ಲ" ಅನ್ನುವ ಪೆಟ್ಟಿಗೆ ನನಗೆ ಆಗಿ ಬರುವುದಿಲ್ಲ. ಅದನ್ನು ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ.

ಇನ್ನೊಂದು ದೊಡ್ಡ ಬದಲಾವಣೆ, ಅಡ್ರೆಸ್ ಟೈಪ್ ಮಾಡುವ ಡಬ್ಬಿಗಳನ್ನೆಲ್ಲ ಕಿತ್ತು ಹಾಕಿದ್ದು. ರಾತ್ರಿ ಎರಡು ಗಂಟೆಗೆ ಸರ್ವರ್ ಮುಂದೆ ನಿಂತವನು ರೋ, ಅಂದರೆ ಸಾಲಿನ ನಂಬರನ್ನು ಹೆಕ್ಸ್‌ನಲ್ಲಿ (ಅಂಕಿ, ಅಕ್ಷರ ಬೆರೆತ ಹದಿನಾರರ ಎಣಿಕೆಯಲ್ಲಿ) ಒಂದು ಅಕ್ಷರ ತಪ್ಪು ಹೊಡೆದರೆ, ಚೆನ್ನಾಗಿರುವ ಸಾಲಿಗೆ ಸ್ಟೆಪ್ನಿ ಹಾಕಿದಂತಾಗುತ್ತದೆ, ಕೆಟ್ಟದ್ದು ಅಲ್ಲೇ ಇರುತ್ತದೆ. ಈಗ ದಾಖಲಾದ ದೋಷಗಳ ಪಟ್ಟಿ ಬರುತ್ತದೆ, ಅದರಿಂದಲೇ ಆರಿಸಬೇಕು. ಅದೂ ಈ ಸಲ ಬೂಟ್ ಆದ ಮೇಲೆ ಕಂಡ ದೋಷಗಳು ಮಾತ್ರ. ಯಾಕೆಂದರೆ ರೀಬೂಟ್ ಆದಾಗ ಅಡ್ರೆಸ್‌ಗಳ ಹೊಂದಾಣಿಕೆ ಬದಲಾಗಬಹುದು, ನಿನ್ನೆಯ ನಂಬರ್ ಇವತ್ತು ಬೇರೆ ಜಾಗವನ್ನು ತೋರಿಸಬಹುದು.

ರಿಪೇರಿ ಮಾಡುವಾಗ ಅಲ್ಲಿರುವ ಡೇಟಾ ಉಳಿಯುತ್ತದೋ ಇಲ್ಲವೋ ಅನ್ನುವುದನ್ನೂ ಕರ್ನಲ್ ಒಂದು ಫೈಲ್‌ನಲ್ಲಿ ಹೇಳುತ್ತದೆ. ಉಳಿಯುವುದಿಲ್ಲ ಅಂದರೆ ಮೊದಲು ಆ ಜಾಗವನ್ನು ಬಳಕೆಯಿಂದ ತೆಗೆಯಬೇಕು. ಅಲ್ಲಿಯವರೆಗೆ ನನ್ನ ಬಟನ್‌ಗಳು ಮಂಕಾಗಿರುತ್ತವೆ. ಮೊದಲು ಬರೀ ಮಂಕಾಗಿದ್ದವು, ಕಾರಣ ಹೇಳುತ್ತಿರಲಿಲ್ಲ. ಈಗ ಕೆಳಗೆ "ಈ ಜಾಗ ಬಳಕೆಯಲ್ಲಿದೆ, ಮೊದಲು ಬಿಡಿಸಿ" ಅಂತ ಬರುತ್ತದೆ.

ಮಂಗಳವಾರ ಮತ್ತೆ ಅಂಗಡಿಗೆ ಹೋಗಿ ತೋರಿಸಿದೆ. ಈ ಸಲ ಸ್ಕ್ರೂಡ್ರೈವರ್ ಕೆಳಗಿಟ್ಟು ಓದಿದ. ಮೊದಲ ಬಟನ್ ಒತ್ತಿ, "ನಮ್ಮೂರಲ್ಲಿ ಮಳೆಗಾಲದಲ್ಲಿ ಇದು ಹತ್ತು ನಿಮಿಷ ಬರಲ್ಲ ಬಿಡು" ಅಂದ. ಅಷ್ಟರಲ್ಲಿ ಯಾರೋ ಕೀಬೋರ್ಡ್ ಹಿಡಿದು ಬಂದರು, ಟೀ ಚೆಲ್ಲಿಬಿಟ್ಟಿದ್ದರಂತೆ.